'ದೇಶದ ಭದ್ರತೆ' ಅಂದುಬಿಟ್ಟರೆ ಯಾರೂ ಕೇಳುವಂತಿಲ್ವಾ?

ಪ್ರಶ್ನೆ (ಲಾ ವಿದ್ಯಾರ್ಥಿ, ಧಾರವಾಡ):
ಮೂಟ್ ಕೋರ್ಟ್‌ಗೆ (ಕಾಲೇಜಿನ ಅಣಕು ನ್ಯಾಯಾಲಯ) ಗ್ಯಾಟ್‌ನ, ಅಂದರೆ ದೇಶಗಳ ನಡುವಿನ ಸುಂಕ-ವ್ಯಾಪಾರ ಒಪ್ಪಂದದ, 21ನೇ ವಿಧಿ ಓದುತ್ತಿದ್ದೇನೆ. ಭದ್ರತೆಗೆ ಏನು ಬೇಕು ಅಂತ ಆಯಾ ದೇಶವೇ ತೀರ್ಮಾನಿಸಬಹುದು ಅನ್ನೋ ಹಾಗಿದೆ. ಹಾಗಾದರೆ ಯಾವ ಸುಂಕಕ್ಕೂ ಅದೇ ನೆಪ ಹೇಳಬಹುದಲ್ವಾ? ನನ್ನದು ದೂರು ಕೊಟ್ಟವರ ಕಡೆ.

ಉತ್ತರ (ಕಸ್ಟಮ್ಸ್ ವಕೀಲ):
ಹೇಳಿದ್ದಾರೆ! 1975ರಲ್ಲಿ ಸ್ವೀಡನ್ ಶೂ ಆಮದಿಗೆ ಕೋಟಾ ಹಾಕಿತು. ಒಳಗಿನ ಶೂ ಉತ್ಪಾದನೆ ಕುಸಿದರೆ ಯುದ್ಧಕಾಲದ ತಯಾರಿಗೆ ಪೆಟ್ಟು ಅಂತ ಕಾರಣ. ಚರ್ಮದ ಶೂ, ಪ್ಲಾಸ್ಟಿಕ್ ಶೂ, ರಬ್ಬರ್ ಬೂಟು, ಎಲ್ಲವೂ ದೇಶರಕ್ಷಣೆಯ ಲೆಕ್ಕಕ್ಕೆ. ಬೇರೆ ದೇಶಗಳು ಮೂಗು ಮುರಿದವು. 1977ರಲ್ಲಿ ಚರ್ಮ, ಪ್ಲಾಸ್ಟಿಕ್ ಶೂಗಳ ಕೋಟಾ ತೆಗೆದರು.

ನಿಮಗೆ ಬೇಕಾದದ್ದು 2019ರ ಉಕ್ರೇನ್-ರಷ್ಯಾ ತೀರ್ಪು. ಉಕ್ರೇನ್‌ನಿಂದ ಕಝಾಕಿಸ್ತಾನಕ್ಕೆ ಹೊರಟ ಲಾರಿ ನೇರವಾಗಿ ರಷ್ಯಾದೊಳಗೆ ಹೋಗುವಂತಿಲ್ಲ. ಬೆಲಾರೂಸ್ ಸುತ್ತಿಕೊಂಡೇ ಬರಬೇಕು. ಗಡಿಯಲ್ಲಿ ಸರಕಿಗೆ ಸೀಲು, ಡ್ರೈವರ್‌ಗೆ ನೋಂದಣಿ ಕಾರ್ಡು. 'ಇದು ಭದ್ರತೆ, ನೀವು ಕೇಳೋ ಹಾಗಿಲ್ಲ' ಅಂತ ರಷ್ಯಾ ವಾದಿಸಿತು. ಅದಕ್ಕೆ ದನಿಗೂಡಿಸಿದ್ದು ಯಾರು ಗೊತ್ತಾ? ಅಮೆರಿಕ. ವಿಶ್ವ ವ್ಯಾಪಾರ ಸಂಸ್ಥೆಯ ಪ್ಯಾನೆಲ್ (ವ್ಯಾಜ್ಯ ಕೇಳುವ ತಜ್ಞರ ಸಮಿತಿ) ಒಪ್ಪಲಿಲ್ಲ. ಯುದ್ಧವೋ ತುರ್ತು ಪರಿಸ್ಥಿತಿಯೋ ಇದೆಯಾ ಅಂತ ನಾವೇ ನೋಡುತ್ತೇವೆ ಅಂದಿತು. ನೋಡಿ, 2014ರಿಂದ ಇದೆ ಅಂತ ರಷ್ಯಾವನ್ನೇ ಗೆಲ್ಲಿಸಿತು. ಆದರೆ ರಷ್ಯಾದ ಆ ವಾದ ಬಿದ್ದುಹೋಯಿತು. ನೀವು ಹಿಡಿಯಬೇಕಾದ್ದು ಅದನ್ನೇ.

ಉತ್ತರ (ಫೌಂಡ್ರಿಯವನು, ಬೆಳಗಾವಿ):
ಓದೋಕೆ ಚೆನ್ನಾಗಿದೆ ಸಾರ್. 2018ರಲ್ಲಿ ಅಮೆರಿಕ ಇದೇ ಭದ್ರತೆ ಹೆಸರಲ್ಲಿ ಸ್ಟೀಲಿಗೆ 25%, ಅಲ್ಯೂಮಿನಿಯಂಗೆ 10% ಸುಂಕ ಹಾಕಿತಲ್ಲ, ಆಗ ಈ ಪ್ಯಾನೆಲ್ ಏನು ಕಿಸಿಯಿತು?

ಉತ್ತರ (ಕಸ್ಟಮ್ಸ್ ವಕೀಲ):
ಅಮೆರಿಕದ ವಿರುದ್ಧವೇ ತೀರ್ಪು ಬಂತು, 2022ರ ಡಿಸೆಂಬರ್‌ನಲ್ಲಿ. ಚೀನಾ, ನಾರ್ವೆ, ಸ್ವಿಟ್ಜರ್ಲೆಂಡ್, ಟರ್ಕಿ ಗೆದ್ದವು. ಜಗತ್ತಿನಲ್ಲಿ ಸ್ಟೀಲ್ ಜಾಸ್ತಿಯಾಗಿದೆ ಅನ್ನೋದು ಆ ಮಟ್ಟದ ತುರ್ತು ಅಲ್ಲ ಅಂತ. ಅಮೆರಿಕ ಮೇಲ್ಮನವಿ ಹಾಕಿತು. ಸಂಸ್ಥೆಯ ಮೇಲ್ಮನವಿ ಮಂಡಳಿಯಲ್ಲಿ ಮನವಿ ಕೇಳಲು ಕನಿಷ್ಠ 3 ಸದಸ್ಯರು ಬೇಕು, 2019ರ ಡಿಸೆಂಬರ್‌ನಿಂದ ಅಷ್ಟು ಜನ ಇಲ್ಲ. ನೇಮಕಕ್ಕೆ ಅಡ್ಡ ಹಾಕಿದ್ದೂ ಅಮೆರಿಕವೇ. ತೀರ್ಪು ಹಾಗೇ ನೇತಾಡುತ್ತಿದೆ.

ನಮ್ಮವರು ತೀರ್ಪಿಗೆ ಕಾಯಲಿಲ್ಲ. 2019ರಲ್ಲಿ ಅಮೆರಿಕದ ಬಾದಾಮಿ, ಅಕ್ರೋಟು, ಸೇಬು, ಕಡಲೆ ಮೇಲೆ ಸುಂಕ ಏರಿಸಿದರು. 2023ರ ಜೂನ್‌ನಲ್ಲಿ ರಾಜಿಯಾಯಿತು. ಸ್ಟೀಲ್, ಅಲ್ಯೂಮಿನಿಯಂ ಸುಂಕದಲ್ಲಿ ನಮಗೆ ಸಿಕ್ಕಿದ್ದು ಒಂದಷ್ಟು ವಿನಾಯಿತಿ, ಪೂರ್ತಿ ಮಾಫಿಯಲ್ಲ.

ಪ್ರಶ್ನೆ ಕೇಳಿದವರು:
ಎದುರಿನವರು 1985ರ ನಿಕರಾಗುವಾ ಕೇಸು (ಅಮೆರಿಕ ಭದ್ರತೆ ಅಂತ ಆ ದೇಶದ ಜೊತೆ ವ್ಯಾಪಾರ ನಿಲ್ಲಿಸಿದ್ದು) ತಂದರೆ?

ಉತ್ತರ (ಕಸ್ಟಮ್ಸ್ ವಕೀಲ):
ತಂದೇ ತರುತ್ತಾರೆ. ಅಲ್ಲಿ 21ನೇ ವಿಧಿ ಬಳಸಿದ್ದು ಸರಿಯಾ ಅಂತ ನೋಡಲೇಬಾರದು ಎಂಬ ಷರತ್ತಿನ ಮೇಲೆ ಪ್ಯಾನೆಲ್ ಕೂರಿಸಿದ್ದರು. ಹಾಗಾಗಿ ನೋಡುವ ಅಧಿಕಾರ ಪ್ಯಾನೆಲ್‌ಗೆ ಇಲ್ಲ ಅಂತ ಆ ಕೇಸು ತೀರ್ಮಾನಿಸಿಯೇ ಇಲ್ಲ. ಅದನ್ನು ಅವರು ಕೇಸು ಎತ್ತೋ ಮುಂಚೆ ನೀವೇ ಹೇಳಿಬಿಡಿ.