ಸಹಾಯ ಬೇಕು: ಕ್ರೂಸ್ ಪ್ರವಾಸದ ಬಗ್ಗೆ ಸಂಶೋಧನಾ ಲೇಖನಗಳು

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಪ್ರವಾಸೋದ್ಯಮದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಹಂಪಿ ಪಕ್ಕದಲ್ಲೇ ಇರುವಾಗ ಹಡಗು ಯಾಕೆ ಅಂತ ಕೇಳುತ್ತಾರೆ. ಆದರೆ ನವ ಮಂಗಳೂರು ಬಂದರಿಗೆ ಕ್ರೂಸ್ ಹಡಗುಗಳು ಬರುತ್ತವೆ ಅಲ್ವಾ, ಪ್ರವಾಸಿಗರು ಕೆಲವೇ ಗಂಟೆ ಇಳಿದು ಹೋದರೆ ಅಲ್ಲಿನ ಆಟೋದವರಿಗೆ, ಅಂಗಡಿಯವರಿಗೆ ನಿಜಕ್ಕೂ ಎಷ್ಟು ಉಳಿಯುತ್ತದೆ ಅನ್ನೋದೇ ನನ್ನ ಪ್ರಶ್ನೆ.

ಸಿಗುವ ಲೇಖನಗಳೆಲ್ಲ ಜಾಸ್ತಿ ಕೆರಿಬಿಯನ್, ಮೆಡಿಟರೇನಿಯನ್ ಕಡೆಯವು. ಪ್ರಯಾಣಿಕರ ತೃಪ್ತಿಯ ಸರ್ವೆಗಳು ಬೇಕಾದಷ್ಟಿವೆ, 2020ರ ಡೈಮಂಡ್ ಪ್ರಿನ್ಸೆಸ್ ಹಡಗಿನ ಕೊರೊನಾ ಬಗ್ಗೆಯೂ ತುಂಬಾ ಬರೆದಿದ್ದಾರೆ. 2021ರಲ್ಲಿ ವೆನಿಸ್ ನಗರದ ನಡುವಿನ ಕಾಲುವೆಯಲ್ಲಿ ದೊಡ್ಡ ಹಡಗುಗಳನ್ನು ತಡೆದರು, ಅಂಥ ಊರಿನವರ ದನಿ, ಹಡಗಿನಲ್ಲಿ ದುಡಿಯುವವರ ಬದುಕು ನನಗೆ ಬೇಕು.

ಭಾರತದ ಬಂದರುಗಳ ಮೇಲೆ ಕೆಲಸ ಮಾಡಿದವರು, ಕ್ರೂಸ್‌ನಲ್ಲಿ ದುಡಿದವರು ಗುಂಪಿನಲ್ಲಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ಪಿಡಿಎಫ್ ಇದ್ದರೆ ಇನ್ನೂ ಒಳ್ಳೆಯದು.