ಅಪ್‌ಡೇಟ್: ಘಾಟಿಯಲ್ಲಿ ಹೀಟ್ ಆಗ್ತಿದ್ದ ಕಾರು, ಕೊನೆಗೂ ವಾಟರ್ ಪಂಪೇ

ಶಿರಾಡಿ ಹತ್ತುವಾಗ ಟೆಂಪರೇಚರ್ ಮುಳ್ಳು ಏರತ್ತೆ, ಕೂಲಂಟ್ (ಇಂಜಿನ್ ತಣ್ಣಗಿಡೋ ದ್ರವ) ಕಮ್ಮಿ ಆಗ್ತಾನೇ ಇದೆ, ಆದ್ರೆ ಗಾಡಿ ಕೆಳಗೆ ಒಂದು ಹನಿಯೂ ಇಲ್ಲ ಅಂತ ಕೇಳಿದ್ನಲ್ಲ, ಅದು ಸರಿಹೋಯ್ತು.

ಖರ್ಚು ಕಮ್ಮಿ ಅಂತ ಮೊದಲು ರೇಡಿಯೇಟರ್ ಕ್ಯಾಪ್ ಬದಲಿಸಿದೆ. ಏನೂ ವ್ಯತ್ಯಾಸ ಆಗ್ಲಿಲ್ಲ. ಥರ್ಮೋಸ್ಟ್ಯಾಟ್ (ಇಂಜಿನ್ ಬಿಸಿಯಾದಾಗ ತೆರ್ಕೊಂಡು ಕೂಲಂಟನ್ನ ರೇಡಿಯೇಟರಿಗೆ ಬಿಡೋ ವಾಲ್ವ್) ಬಿಚ್ಚಿ ಬಿಸಿನೀರಲ್ಲಿ ಹಾಕಿದ್ರೆ ಸರಿಯಾಗೇ ತೆರ್ಕೊಳ್ತು. ‘ಅದನ್ನ ಕಿತ್ತು ಬಿಸಾಕಿ ಓಡಿಸಿ’ ಅಂದವರ ಮಾತು ಮಾತ್ರ ಕೇಳ್ಲಿಲ್ಲ, ಬೇಜಾರಾಗ್ಬೇಡಿ.

ಕೂಲಂಟನ್ನ ಇಂಜಿನ್ ಒಳಗೆ ಓಡಾಡಿಸೋ ವಾಟರ್ ಪಂಪಿನ ಕೆಳಗಿರೋ ಸಣ್ಣ ತೂತು ನೋಡಿ ಅಂದವರಿಗೆ ಒಂದು ಫಿಲ್ಟರ್ ಕಾಫಿ ಬಾಕಿ. ಟಾರ್ಚ್ ಬಿಟ್ಟು ನೋಡಿದ್ರೆ ತೂತಿನಿಂದ ಕೆಳಗೆ ಹಸಿರು ಮಿಶ್ರಿತ ಬಿಳಿ ಗೆರೆ, ಒಣಗಿದ ಉಪ್ಪಿನ ಥರ. ಒಳಗಿನ ಸೀಲ್ ಹೋದಾಗ ಕೂಲಂಟ್ ಬೇರಿಂಗಿಗೆ ನುಗ್ಗದೆ ಹೊರಗೆ ಬರ್ಲಿ ಅಂತಲೇ ಆ ತೂತು ಇಡೋದು. ಜಿನುಗಿದ್ದೆಲ್ಲ ಬಿಸಿ ಇಂಜಿನ್ ಮೇಲೇ ಆವಿಯಾಗ್ತಿತ್ತು, ನೆಲಕ್ಕೆ ಬೀಳೋದು ಎಲ್ಲಿಂದ?

ನನ್ನ ಗಾಡೀಲಿ ಪಂಪು ತಿರುಗೋದು ಟೈಮಿಂಗ್ ಬೆಲ್ಟಿಂದ. ಹೇಗೂ ಬಿಚ್ಚೋದೇ ಅಂತ ಬೆಲ್ಟು, ಅದನ್ನ ಬಿಗಿಯಾಗಿಡೋ ಟೆನ್ಷನರ್ ಕೂಡ ಹೊಸದು ಹಾಕಿಸ್ದೆ. ಲೇಬರ್ ಹೆಚ್ಚುಕಮ್ಮಿ ಅಷ್ಟೇ. ಹಳೇ ಪಂಪು ಕೈಗೆ ಕೊಟ್ಟಾಗ ಗಾಬರಿಯಾಯ್ತು, ಒಳಗೆ ತಿರುಗಿ ಕೂಲಂಟ್ ತಳ್ಳೋ ಇಂಪೆಲ್ಲರಿನ ರೆಕ್ಕೆಗಳನ್ನ ತುಕ್ಕು ಅರ್ಧ ತಿಂದಿತ್ತು. ಹಿಂದಿನ ಓನರ್ ಬೋರ್‌ವೆಲ್ ನೀರು ತುಂಬಿಸ್ತಿದ್ರಂತೆ! ಈಗ ಕೂಲಂಟು, ಡಿಸ್ಟಿಲ್ಡ್ ವಾಟರ್ 50:50.

ಮತ್ತೆ ಎಸಿ ಹಾಕ್ಕೊಂಡೇ ಸಕಲೇಶಪುರದವರೆಗೆ ಹತ್ತಿದೆ, ಮುಳ್ಳು ಅಲ್ಲಾಡ್ಲಿಲ್ಲ. ಪಂಪು ಹಾಕಿಸಿದ ಮೇಲೆ ಒಳಗಿನ ಗಾಳಿ ಹೋಗಿ ಲೆವೆಲ್ ಸ್ವಲ್ಪ ಇಳಿಯತ್ತೆ, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ನೋಡಿ ತುಂಬಿಸಿ.