ಎರಡು ಸಲ ಗರ್ಭ ಹೋಯಿತು, ಈಗಲೇ ಪರೀಕ್ಷೆ ಮಾಡಿಸಬೇಕಾ?

ನನಗೆ 29. ಎರಡು ಸಲ ಬಸಿರಾದೆ, ಎರಡೂ ಒಂಬತ್ತನೇ ವಾರದೊಳಗೇ ಹೋಯಿತು. ಡಾಕ್ಟರು ‘ಇನ್ನೊಂದು ಸಲ ನೋಡೋಣ, ಆಮೇಲೆ ಪರೀಕ್ಷೆ’ ಅಂದರು. ಸ್ಕೂಟಿ ಓಡಿಸಿದ್ದಕ್ಕೇ ಹೀಗಾಯಿತು ಅಂತಾರೆ ಅತ್ತೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1

ಮೊದಲು ಆ ಸ್ಕೂಟಿ ವಿಷಯ ತಲೆಯಿಂದ ತೆಗೆದುಹಾಕಿ ತಂಗಿ. ಶುರುವಿನ ತಿಂಗಳುಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮ್ ಸರಿಯಿಲ್ಲದಿರುವುದೇ ಕಾರಣ. ನಿಮ್ಮ ತಪ್ಪಲ್ಲ.

ಮೂರನೆಯದಕ್ಕೆ ಕಾಯಬೇಡಿ. ಎರಡಾದರೆ ಪರೀಕ್ಷೆ ಶುರು ಮಾಡಬಹುದು ಅಂತ ಯುರೋಪಿನ ತಜ್ಞರ ಸಂಘ ಎಶ್ರೆ ಹೇಳುತ್ತದೆ. ನಾನು ಕಾದೆ, ಮೂರು ಕಳೆದುಕೊಂಡೆ. ಅಷ್ಟರಲ್ಲಿ ಎರಡು ಸಲ ಟಾರ್ಚ್ (TORCH) ಅಂತ ಸೋಂಕು ಹುಡುಕುವ ರಕ್ತಪರೀಕ್ಷೆ ಮಾಡಿಸಿದ್ದರು. ಎಂದೋ ಬಂದು ಹೋದ ಸೋಂಕನ್ನು ಅದು ತೋರಿಸಿತು, ಸುಮ್ನೆ ಮಾತ್ರೆ ನುಂಗಿದೆ. ಪದೇ ಪದೇ ಗರ್ಭ ಹೋಗುವುದಕ್ಕೆ ಆ ಪರೀಕ್ಷೆ ಬೇಕಿಲ್ಲ ಅಂತ ಆಮೇಲೆ ಗೊತ್ತಾಯಿತು.

ಬೇರೆ ಡಾಕ್ಟರು ಮಾಡಿಸಿದ್ದು ಇವು: ಥೈರಾಯ್ಡ್, ಶುಗರ್, ಗರ್ಭಕೋಶದಲ್ಲಿ ಅಡ್ಡಗೋಡೆ ಇದೆಯಾ ಅಂತ ನೋಡಲು ತ್ರೀ-ಡಿ ಸ್ಕ್ಯಾನ್, ಮತ್ತೆ ಮುಖ್ಯವಾಗಿ ರಕ್ತ ಹೆಪ್ಪುಗಟ್ಟುವಂತೆ ಮಾಡುವ ಆಂಟಿಫಾಸ್ಫೋಲಿಪಿಡ್ ಆಂಟಿಬಾಡಿ ಇದೆಯಾ ಅಂತ ರಕ್ತಪರೀಕ್ಷೆ. ಇದರಲ್ಲಿ ಮೂರು ಸೇರಿವೆ: ಲೂಪಸ್ ಆಂಟಿಕೋಆಗ್ಯುಲೆಂಟ್, ಆಂಟಿಕಾರ್ಡಿಯೋಲಿಪಿನ್, ಆಂಟಿ-ಬೀಟಾ-2 ಗ್ಲೈಕೋಪ್ರೋಟೀನ್. ಒಂದು ಸಲ ಪಾಸಿಟಿವ್ ಬಂದರೆ ಸಾಲದು, 12 ವಾರ ಬಿಟ್ಟು ಮತ್ತೆ ನೋಡಬೇಕು. ನನಗೆ ಎರಡು ಸಲವೂ ಬಂತು.

ನಾಲ್ಕನೇ ಸಲ ಕಡಿಮೆ ಡೋಸಿನ ಆಸ್ಪಿರಿನ್, ಜೊತೆಗೆ ದಿನಾ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್. ರಾತ್ರಿ ಒಂಬತ್ತಕ್ಕೆ ನಮ್ಮವರು ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಚುಚ್ಚುತ್ತಿದ್ದರು. ಮೊದಲ ದಿನ ಅವರ ಕೈಯೇ ನಡುಗುತ್ತಿತ್ತು. ಚುಚ್ಚಿದ ಮೇಲೆ ಉಜ್ಜಬಾರದು. ಆದರೂ ಹೊಟ್ಟೆ ತುಂಬ ನೇರಳೆ ಹಣ್ಣಿನ ಬಣ್ಣದ ಕಲೆ. ಖಾಲಿ ಸಿರಿಂಜುಗಳನ್ನು ಹಾರ್ಲಿಕ್ಸ್ ಡಬ್ಬಿಯಲ್ಲಿ ಹಾಕಿಟ್ಟು ಆಸ್ಪತ್ರೆಗೇ ವಾಪಸ್ ಕೊಡುತ್ತಿದ್ದೆವು. ಮಗಳಿಗೆ ಈಗ ನಾಲ್ಕು ವರ್ಷ.

ಆದರೆ ಇದು ಆಂಟಿಬಾಡಿ ಇದ್ದವರ ಚಿಕಿತ್ಸೆ. ನನ್ನದನ್ನು ಓದಿ ನೀವೇ ಶುರು ಮಾಡಬೇಡಿ.

ದೇವರು ಹಾಗೆ ಮಾಡದಿರಲಿ, ಮತ್ತೆ ಹೋದರೆ ಹೊರಬಂದ ಅಂಶವನ್ನು ಜೆನೆಟಿಕ್ ಪರೀಕ್ಷೆಗೆ ಕೊಡಿ. ಸಲೈನಿನಲ್ಲಿ ಹಾಕಿ ಅಂತ ಮೊದಲೇ ಹೇಳಿ. ನನ್ನದನ್ನು ಫಾರ್ಮಲಿನ್‌ನಲ್ಲಿ ಹಾಕಿಬಿಟ್ಟಿದ್ದರು, ಲ್ಯಾಬಿನವರು ಆಗಲ್ಲ ಅಂದರು. ಆ ಸಿಟ್ಟು ಇನ್ನೂ ಹೋಗಿಲ್ಲ.

ಉತ್ತರ 2

ಅಕ್ಕ ಹೇಳಿದ್ದೆಲ್ಲ ಮಾಡಿಸಿದೆ, ನನಗೆ ಎಲ್ಲವೂ ನಾರ್ಮಲ್. ಸುಮಾರು ಅರ್ಧ ಜನರಿಗೆ ಹೀಗೇ, ಕಾರಣ ಸಿಗುವುದಿಲ್ಲ. ಅಂಥವರಲ್ಲೂ ಜಾಸ್ತಿ ಜನರಿಗೆ ಮುಂದೆ ಮಗು ನಿಲ್ಲುತ್ತದೆ ಅಂದರು ಡಾಕ್ಟರು. ಮೂರನೇ ಸಲ ಆರನೇ ವಾರದಲ್ಲಿ ಸ್ವಲ್ಪ ಬ್ಲೀಡಿಂಗ್ ಆಯಿತು. ಗರ್ಭ ನಿಲ್ಲಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನ್ ಕೊಟ್ಟರು, ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿದರು. ಹಾರ್ಟ್‌ಬೀಟ್ ಕೇಳಿದ ದಿನ ಇಬ್ಬರೂ ಅಲ್ಲೇ ಅತ್ತುಬಿಟ್ಟೆವು. ಈಗ ಏಳನೇ ತಿಂಗಳು.

ಕೆಲಸಕ್ಕೆ ಹೋಗುತ್ತಿದ್ದೀರಾ? ಗರ್ಭಪಾತವಾದರೆ ಆರು ವಾರ ಸಂಬಳದ ರಜೆ ಅಂತ ಕಾನೂನಿನಲ್ಲೇ ಇದೆ. ನನಗೆ ಯಾರೂ ಹೇಳಿರಲಿಲ್ಲ, ನಾಲ್ಕನೇ ದಿನಕ್ಕೇ ಆಫೀಸಿಗೆ ಹೋಗಿದ್ದೆ. ಡಿಸ್ಚಾರ್ಜ್ ಚೀಟಿ ಜೋಪಾನವಾಗಿಡಿ, ರಜೆಗೆ ಅದನ್ನೇ ಕೇಳುತ್ತಾರೆ.